ಬಣ್ಣ ಮಾಸಿದ, ಬೆಳವಣಿಗೆ ನಿಂತ ಪುಟ್ಟ ಮೀನುಗಳು: ಕರಾವಳಿಯ ಅಕ್ವೇರಿಯಂಗಳಿಗೊಂದು ದೋಷ ನಿವಾರಣೆ ಕೈಪಿಡಿ

ಮಂಗಳೂರು, ಉಡುಪಿ ಕಡೆಯ ಮನೆಗಳ ಅಕ್ವೇರಿಯಂಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಒಂದೇ ಬಗೆಯ ದೂರು ಕೇಳಿಬರುತ್ತದೆ. ಅಂಗಡಿಯಿಂದ ತಂದಾಗ ಕಡುಗೆಂಪಾಗಿದ್ದ ಪ್ಲಾಟಿ ನಸು ಹಳದಿಗೆ ತಿರುಗಿದೆ, ಗಪ್ಪಿಯ ಬಾಲದ ಕಿತ್ತಳೆ ಬಣ್ಣ ತೆಳುವಾಗಿದೆ, ತೊಟ್ಟಿಯಲ್ಲೇ ಹುಟ್ಟಿದ ಮರಿಗಳು ತಿಂಗಳುಗಳು ಕಳೆದರೂ ದೊಡ್ಡದಾಗಿಲ್ಲ. ಇಂಥ ಸಂದರ್ಭದಲ್ಲಿ ಬಹುಪಾಲು ಜನ ಮೊದಲು ಮಾಡುವ ಕೆಲಸವೆಂದರೆ ‘ಬಣ್ಣ ಹೆಚ್ಚಿಸುವ ಆಹಾರ’ ಎಂದು ಬರೆದಿರುವ ಇನ್ನೊಂದು ಡಬ್ಬಿಯನ್ನು ಕೊಂಡು ತರುವುದು. ಆಹಾರಕ್ಕೂ ಬಣ್ಣಕ್ಕೂ ನಿಜವಾಗಿಯೇ ನಂಟಿದೆ. ಆದರೆ ಎಲ್ಲ ಬಣ್ಣವೂ ಆಹಾರದಿಂದ ಬರುವುದಿಲ್ಲ, ಆಹಾರದ್ದೇ ದೋಷವಾಗಿದ್ದರೂ ಅದು ಆಹಾರದ ಹೆಸರಿಗಿಂತ ಅದನ್ನು ಇಟ್ಟ ರೀತಿಯಲ್ಲಿರುವ ಸಾಧ್ಯತೆ ನಮ್ಮ ಹವೆಯಲ್ಲಿ ಹೆಚ್ಚು. ಆದ್ದರಿಂದ ಹೊಸ ಡಬ್ಬಿ ಕೊಳ್ಳುವ ಮುನ್ನ ದೋಷ ಎಲ್ಲಿದೆಯೆಂದು ಪತ್ತೆಹಚ್ಚುವ ಕ್ರಮವನ್ನು ಇಲ್ಲಿ ಕೊಡಲಾಗಿದೆ. ಗಪ್ಪಿ, ಪ್ಲಾಟಿ, ಮೊಲ್ಲಿ, ಟೆಟ್ರಾ, ಡೇನಿಯೋ, ಬಾರ್ಬ್, ಫೈಟರ್, ಗೋಲ್ಡ್‌ಫಿಶ್ ಮರಿ ಮುಂತಾದ ಸಿಹಿನೀರಿನ ಸಣ್ಣ ಮೀನುಗಳಿಗೆ ಇದು ಅನ್ವಯಿಸುತ್ತದೆ.

ದೋಷವೇ ಅಲ್ಲದವು

ನಿಯಾನ್ ಟೆಟ್ರಾ ಮತ್ತು ಕಾರ್ಡಿನಲ್ ಟೆಟ್ರಾಗಳು ಕತ್ತಲಲ್ಲಿ ಬಣ್ಣ ಕಳೆದುಕೊಳ್ಳುವುದು ಸಹಜ. ಬೆಳಿಗ್ಗೆ ದೀಪ ಹಾಕಿದ ಕ್ಷಣದಲ್ಲಿ ಅವು ಬಿಳಿಚಿಕೊಂಡಂತೆ ಕಂಡರೆ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಬೇಕು. ತೊಟ್ಟಿಯ ತಳಕ್ಕೆ ಬಿಳಿ ಮರಳು ಅಥವಾ ತಿಳಿಬಣ್ಣದ ಕಲ್ಲು ಹಾಕಿದ್ದರೆ ಮೀನು ಹಿನ್ನೆಲೆಗೆ ಹೊಂದಿಕೊಳ್ಳಲು ಚರ್ಮದ ಕಪ್ಪು ವರ್ಣಕೋಶಗಳಲ್ಲಿನ ಬಣ್ಣವನ್ನು ಒಂದೆಡೆ ಕುಗ್ಗಿಸಿಕೊಳ್ಳುತ್ತದೆ. ಹೊಸ ಮರಳು ಹಾಕಿದ ವಾರದಲ್ಲೇ ಬಣ್ಣ ಹೋಯಿತೆನ್ನುವವರು ಮೊದಲು ಮರಳನ್ನೇ ಸಂಶಯಿಸಬೇಕು. ಗಂಡು ಗಪ್ಪಿ ಪ್ರೌಢವಾದ ಮೇಲೆ ಹೆಚ್ಚು ಬೆಳೆಯುವುದಿಲ್ಲ. ಹೆಣ್ಣು 5–6 ಸೆಂಟಿಮೀಟರ್ ಆಗುವ ಕಡೆ ಗಂಡು 3 ಸೆಂಟಿಮೀಟರ್ ಆಸುಪಾಸಿನಲ್ಲೇ ನಿಂತರೆ ಅದನ್ನು ಕುಂಠಿತ ಬೆಳವಣಿಗೆ ಎನ್ನಲಾಗದು. ಗೋಲ್ಡ್‌ಫಿಶ್‌ಗಳು ವಯಸ್ಸಾದಂತೆ ಕಿತ್ತಳೆಯಿಂದ ಬಿಳಿಗೆ ತಿರುಗುವುದೂ ಉಂಟು.

ಇನ್ನೊಂದು ಸಂಗತಿಯನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಮಾರಾಟಕ್ಕೆ ಮುನ್ನ ಗಂಡು ಹಾರ್ಮೋನ್ ಬೆರೆಸಿದ ಆಹಾರ ಕೊಟ್ಟು ಎಳೆಯ ಮೀನುಗಳಿಗೆ ಅಕಾಲದಲ್ಲಿ ಬಣ್ಣ ಬರಿಸುವ ಚಾಳಿ ಅಲಂಕಾರಿಕ ಮೀನಿನ ವ್ಯಾಪಾರದಲ್ಲಿ ಇದೆ. ಗಾಜುಮೀನಿನಂಥ ಪಾರದರ್ಶಕ ಜಾತಿಗಳಿಗೆ ಸೂಜಿಯಿಂದ ಬಣ್ಣ ಚುಚ್ಚುವುದೂ ಇದೆ. ಇಂಥ ಬಣ್ಣ ಮನೆಗೆ ತಂದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಇಳಿದೇ ಇಳಿಯುತ್ತದೆ. ಹೆಣ್ಣು ಮೀನುಗಳಲ್ಲೂ ಗಂಡಿನ ಬಣ್ಣ ಕಾಣುತ್ತಿದ್ದರೆ, ಬೆರಳಿನ ಉಗುರಿನಷ್ಟಿರುವ ಮರಿಗೆ ಪೂರ್ಣ ಬಣ್ಣ ಬಂದಿದ್ದರೆ ಅನುಮಾನಿಸುವುದು ಒಳ್ಳೆಯದು. ಇದನ್ನು ಯಾವ ಆಹಾರವೂ ಮರಳಿ ತರಲಾರದು.

ಹೋದದ್ದು ಯಾವ ಬಣ್ಣ?

ಪತ್ತೆಯ ಕೆಲಸ ನಿಜವಾಗಿ ಆರಂಭವಾಗುವುದು ಇಲ್ಲಿಂದ. ಮೀನಿನ ಕೆಂಪು, ಕಿತ್ತಳೆ, ಹಳದಿ ಬಣ್ಣಗಳ ಬಹುಭಾಗ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳಿಂದ ಬರುತ್ತದೆ. ಇವನ್ನು ಮೀನಿನ ದೇಹ ತಾನಾಗಿ ತಯಾರಿಸಿಕೊಳ್ಳಲಾರದು. ಪಾಚಿ, ಸೊಪ್ಪು, ಸಣ್ಣ ಸಿಗಡಿಯಂಥ ಜೀವಿಗಳ ಮೂಲಕ ಹೊಟ್ಟೆಗೆ ಹೋದದ್ದೇ ಚರ್ಮಕ್ಕೆ ಬಂದು ಸೇರಬೇಕು. ತಿಂದದ್ದನ್ನು ಮಾರ್ಪಡಿಸಿಕೊಳ್ಳುವ ಶಕ್ತಿ ಜಾತಿಯಿಂದ ಜಾತಿಗೆ ಬೇರೆ. ಗೋಲ್ಡ್‌ಫಿಶ್ ಸಸ್ಯಮೂಲದ ಝಿಯಾಕ್ಸಾಂಥಿನ್ ಅನ್ನು ಕೆಂಪು ಬಣ್ಣದ ಅಸ್ಟಾಕ್ಸಾಂಥಿನ್ ಆಗಿ ಬದಲಿಸಿಕೊಳ್ಳುತ್ತದೆ. ಆ ಶಕ್ತಿಯಿಲ್ಲದ ಜಾತಿಗಳಿಗೆ ಅಸ್ಟಾಕ್ಸಾಂಥಿನ್ ಅನ್ನೇ ನೇರವಾಗಿ ಕೊಡಬೇಕಾಗುತ್ತದೆ.

ಕಪ್ಪು ಬಣ್ಣದ ಮೆಲನಿನ್ ಅನ್ನು ಮೀನು ತಾನೇ ತಯಾರಿಸಿಕೊಳ್ಳುತ್ತದೆ. ನಿಯಾನ್ ಟೆಟ್ರಾದ ನೀಲಿ ಗೆರೆಯಾಗಲಿ ಗಪ್ಪಿಯ ಬೆಳ್ಳಿಹೊಳಪಾಗಲಿ ವರ್ಣದ್ರವ್ಯವೇ ಅಲ್ಲ. ಚರ್ಮದ ಕೋಶಗಳಲ್ಲಿ ಪದರ ಪದರವಾಗಿ ಜೋಡಿಸಿಕೊಂಡ ಗ್ವಾನಿನ್ ಹರಳುಗಳು ಬೆಳಕನ್ನು ಪ್ರತಿಫಲಿಸುವ ಬಗೆ ಅದು. ಹಾಗಾಗಿ ನೀಲಿ ಗಟ್ಟಿಯಾಗಿಯೇ ಉಳಿದು ಕೆಂಪು ಮಾತ್ರ ನಿಧಾನವಾಗಿ ಇಳಿದಿದ್ದರೆ ಬೆರಳು ಆಹಾರದತ್ತ ತೋರಿಸುತ್ತದೆ. ನೀಲಿ, ಕಪ್ಪು, ಕೆಂಪು ಎಲ್ಲವೂ ಒಟ್ಟಿಗೆ ಮಸುಕಾದರೆ ಅದು ಒತ್ತಡ, ನೀರಿನ ಕೆಡುಕು ಅಥವಾ ರೋಗ. ಮೈಮೇಲೆ ಅಲ್ಲಲ್ಲಿ ತೇಪೆ ತೇಪೆಯಾಗಿ ಬಣ್ಣ ಹೋಗಿದ್ದರೆ ರೋಗವೆಂದೇ ಭಾವಿಸಿ ಮುಂದುವರಿಯಬೇಕು.

ಗಪ್ಪಿಯಲ್ಲಿ ಒಂದು ಸೂಕ್ಷ್ಮವಿದೆ. ಅದರ ಕಿತ್ತಳೆ ಮಚ್ಚೆಯಲ್ಲಿ ಕ್ಯಾರೊಟಿನಾಯ್ಡ್ ಜೊತೆಗೆ ಡ್ರೊಸೊಪ್ಟೆರಿನ್ ಎಂಬ ಇನ್ನೊಂದು ಕೆಂಪು ದ್ರವ್ಯವೂ ಇರುತ್ತದೆ, ಅದನ್ನು ಗಪ್ಪಿ ತಾನೇ ತಯಾರಿಸುತ್ತದೆ. ಇದರಿಂದಾಗಿ ಕಳಪೆ ಆಹಾರ ತಿಂದ ಗಪ್ಪಿಯ ಮಚ್ಚೆ ಪೂರ್ತಿ ಮಾಯವಾಗದೆ, ಆಕಾರ ಹಾಗೇ ಇದ್ದು, ಬಣ್ಣ ಮಾತ್ರ ತೆಳುವಾಗಿ ಕಾಣುತ್ತದೆ. ಮೀನನ್ನು ಗಾಜಿನ ಲೋಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಅಡ್ಡಲಾಗಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ: ಮಚ್ಚೆಯ ಅಂಚು ಖಚಿತವಾಗಿರುತ್ತದೆ, ಒಳಭಾಗ ಮಾತ್ರ ಪೇಲವವಾಗಿರುತ್ತದೆ. ಅಂಚೇ ಕದಡಿದಂತಿದ್ದು ರೆಕ್ಕೆಗಳನ್ನು ಮಡಚಿಕೊಂಡಿದ್ದರೆ ಆ ಗಪ್ಪಿಗೆ ಆಹಾರಕ್ಕಿಂತ ನೀರಿನ ತೊಂದರೆ ಇದೆ.

ಎಷ್ಟು ಬೇಗ ಹೋಯಿತು?

ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬಣ್ಣ ಇಳಿದಿದ್ದರೆ ಆಹಾರವನ್ನು ದೂರುವಂತಿಲ್ಲ. ಚರ್ಮದಲ್ಲಿ ಸೇರಿರುವ ಕ್ಯಾರೊಟಿನಾಯ್ಡ್ ಅಷ್ಟು ಬೇಗ ಕರಗುವುದಿಲ್ಲ. ಆಹಾರದ ಕೊರತೆ ಕಣ್ಣಿಗೆ ಬೀಳಲು ವಾರಗಳೇ ಬೇಕು, ಬಿದ್ದಾಗಲೂ ಅದೇ ಆಹಾರ ತಿನ್ನುವ ಎಲ್ಲ ಮೀನುಗಳಲ್ಲೂ ಹೆಚ್ಚುಕಡಿಮೆ ಒಟ್ಟಿಗೆ ಕಾಣಿಸುತ್ತದೆ. ಹತ್ತರಲ್ಲಿ ಒಂದೇ ಮೀನು ಬಿಳಿಚಿಕೊಂಡಿದ್ದರೆ ಅದನ್ನು ಬೇರೆ ಮೀನುಗಳು ಅಟ್ಟಾಡಿಸುತ್ತಿವೆಯೇ, ಆಹಾರ ಹಾಕಿದಾಗ ಅದು ಹಿಂದೆ ಉಳಿಯುತ್ತಿದೆಯೇ ಎಂದು ನೋಡಬೇಕು.

ಬಾವಿ ನೀರು, ನಳ್ಳಿ ನೀರು

ಆಹಾರಕ್ಕೆ ಕೈಹಾಕುವ ಮುನ್ನ ನೀರಿನ ಪರೀಕ್ಷೆ ಮುಗಿಸಲೇಬೇಕು, ಏಕೆಂದರೆ ಕೆಟ್ಟ ನೀರಿನಲ್ಲಿ ಎಷ್ಟು ಒಳ್ಳೆಯ ಆಹಾರವೂ ಮೈಗೆ ಹತ್ತುವುದಿಲ್ಲ. ಮೀನಿನ ಕಶ್ಮಲದಿಂದ ಹುಟ್ಟುವ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಮಿನ ಆಸುಪಾಸಿನಲ್ಲಿದ್ದರೆ ಮರಿಗಳಿಗೆ ಕ್ಷೇಮ.

ನಮ್ಮ ಜಿಲ್ಲೆಗಳಲ್ಲಿ ಇದಕ್ಕೊಂದು ಸ್ಥಳೀಯ ತಿರುವಿದೆ. ಮುರಕಲ್ಲಿನ ನೆಲದಲ್ಲಿ ತೋಡಿದ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಜೊತೆಗೆ ತುಸು ಆಮ್ಲೀಯ. ಪಿಎಚ್ 6ರ ಆಚೀಚೆ ಇರುವ ಬಾವಿಗಳು ಇಲ್ಲಿ ಅಪರೂಪವಲ್ಲ. ಟೆಟ್ರಾಗಳಿಗೆ ಇಂಥ ನೀರು ಹಿತವಾದರೂ ಗಪ್ಪಿ, ಪ್ಲಾಟಿ, ಮೊಲ್ಲಿಗಳು ಗಡಸು ನೀರಿನ ಮೀನುಗಳು. ಮೆದು ನೀರಿನಲ್ಲಿ ಮೊಲ್ಲಿಗಳು ರೆಕ್ಕೆ ಮಡಚಿಕೊಂಡು ಇದ್ದಲ್ಲೇ ಅಲುಗಾಡುತ್ತಾ, ತಿಂದರೂ ಬೆಳೆಯದೆ ಉಳಿಯುವುದನ್ನು ಬಹಳ ಮಂದಿ ಆಹಾರದ ದೋಷವೆಂದೇ ತಿಳಿಯುತ್ತಾರೆ. ಇದಕ್ಕೆ ಪರಿಹಾರ ಅಗ್ಗದ್ದು: ಮರುವಾಯಿ ಚಿಪ್ಪುಗಳನ್ನು ಚೆನ್ನಾಗಿ ಉಜ್ಜಿ ತೊಳೆದು, ಕುದಿಸಿ, ಪುಡಿಗಟ್ಟಿ ಬಟ್ಟೆಯ ಚೀಲದಲ್ಲಿ ಹಾಕಿ ಫಿಲ್ಟರಿನೊಳಗೆ ಇಟ್ಟರೆ ಅದರ ಸುಣ್ಣ ನಿಧಾನವಾಗಿ ಕರಗಿ ಗಡಸುತನವನ್ನೂ ಪಿಎಚ್ ಅನ್ನೂ ಏರಿಸುತ್ತದೆ.

ಆದರೆ ನಿಧಾನವಾಗಿಯೇ ಏರಿಸಬೇಕು. ಪಿಎಚ್ 6ಕ್ಕಿಂತ ಕೆಳಗಿದ್ದಾಗ ಅಮೋನಿಯಾವನ್ನು ಒಡೆಯುವ ಬ್ಯಾಕ್ಟೀರಿಯಾಗಳ ಕೆಲಸ ಬಹುತೇಕ ನಿಲ್ಲುತ್ತದೆ. ಆಗ ತೊಟ್ಟಿಯಲ್ಲಿ ಅಷ್ಟು ಅಪಾಯವಿಲ್ಲದ ಅಮೋನಿಯಂ ರೂಪದಲ್ಲಿ ಕಶ್ಮಲ ಸಂಗ್ರಹವಾಗಿರುತ್ತದೆ. ಒಮ್ಮೆಲೇ ಕ್ಷಾರೀಯ ನೀರು ಸುರಿದರೆ ಅದೇ ಅಮೋನಿಯಂ ವಿಷಕಾರಿ ಅಮೋನಿಯಾ ಆಗಿ ಮೀನುಗಳನ್ನು ಕೊಲ್ಲಬಲ್ಲದು. ಮೊದಲು ಅದೇ ಬಾವಿಯ ನೀರಿನಿಂದ ಸ್ವಲ್ಪ ಸ್ವಲ್ಪವಾಗಿ ಬದಲಿಸಿ ಕಶ್ಮಲವನ್ನು ತೆಗೆದು, ಆಮೇಲೆ ಚಿಪ್ಪಿಗೆ ಹೋಗಬೇಕು.

ಮಂಗಳೂರಿಗೆ ತುಂಬೆಯಿಂದ ಬರುವ ನೇತ್ರಾವತಿಯ ನೀರಿಗಾಗಲಿ, ಉಡುಪಿಗೆ ಬಜೆಯಿಂದ ಬರುವ ಸ್ವರ್ಣೆಯ ನೀರಿಗಾಗಲಿ ಕ್ಲೋರಿನ್ ಹಾಕಿರುತ್ತಾರೆ. ಬಕೆಟಿನಲ್ಲಿ ಒಂದು ದಿನ ತೆರೆದಿಟ್ಟು ಅಥವಾ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹಾಕಿ ಬಳಸಬೇಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ತೊಟ್ಟಿಯ ನೀರು 30 ಡಿಗ್ರಿ ದಾಟಿದರೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗಿ ಮೀನು ತಿನ್ನುವುದನ್ನೇ ಬಿಡಬಹುದು. ಗಾಳಿಯ ಪಂಪು ಹಗಲಿರುಳೂ ನಡೆಯಲಿ.

ಆಹಾರದ ಡಬ್ಬಿಯನ್ನು ತೆರೆದು ನೋಡುವುದು

ನೀರು ಸರಿಯಿದೆ, ಬಣ್ಣ ನಿಧಾನವಾಗಿ ಹೋಗಿದೆ, ಹೋದದ್ದು ಕೆಂಪು ಅಥವಾ ಹಳದಿ, ಎಲ್ಲ ಮೀನುಗಳಲ್ಲೂ ಹೋಗಿದೆ ಎಂದಾದರೆ ಈಗ ಡಬ್ಬಿಯನ್ನು ಕೈಗೆತ್ತಿಕೊಳ್ಳಬಹುದು. ಕ್ಯಾರೊಟಿನಾಯ್ಡ್‌ಗಳನ್ನು ಕೆಡಿಸುವುದು ಬೆಳಕು, ಶಾಖ ಮತ್ತು ಗಾಳಿ. ಅಕ್ವೇರಿಯಂನ ಗಾಜಿನ ಮುಚ್ಚಳದ ಮೇಲೆ, ದೀಪದ ಪಕ್ಕದಲ್ಲಿ, ಅರೆಮುಚ್ಚಿದ ಡಬ್ಬಿಯನ್ನು ಇಡುವ ರೂಢಿ ಎಲ್ಲೆಡೆ ಇದೆ. ಆ ಜಾಗದಲ್ಲಿ ಈ ಮೂರೂ ಧಾರಾಳವಾಗಿ ಸಿಗುತ್ತವೆ. ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಗಾಳಿಯ ತೇವ ಸೇರಿಕೊಂಡರೆ ವಿಟಮಿನ್ ಸಿ ಕೂಡ ಬೇಗ ನಾಶವಾಗುತ್ತದೆ, ಕೊಬ್ಬು ಕಮಟು ಹಿಡಿಯುತ್ತದೆ.

ಪರೀಕ್ಷೆಗೆ ಉಪಕರಣ ಬೇಕಿಲ್ಲ. ಒಂದು ಚಿಟಿಕೆ ಪೆಲೆಟ್ (ಕಾಳಿನಂಥ ಒಣ ಆಹಾರ) ಅನ್ನು ಬಿಳಿ ಕಾಗದದ ಮೇಲೆ ಹಾಕಿ ಬೆರಳಿನಿಂದ ಒತ್ತಬೇಕು. ಒಳ್ಳೆಯ ಪೆಲೆಟ್ ಒಣಗಿದ ಸದ್ದಿನೊಂದಿಗೆ ಒಡೆಯುತ್ತದೆ, ಒಣಮೀನಿನಂಥ ವಾಸನೆ ಬರುತ್ತದೆ. ತೇವ ಹಿಡಿದದ್ದು ಒಡೆಯುವ ಬದಲು ಚಪ್ಪಟೆಯಾಗುತ್ತದೆ. ಕಮಟು ಹಿಡಿದದ್ದರಲ್ಲಿ ಹಳೆಯ ಎಣ್ಣೆಯ ಅಥವಾ ಬಣ್ಣದ ಡಬ್ಬಿಯ ವಾಸನೆ ಮೂಗಿಗೆ ಅಡರುತ್ತದೆ. ಡಬ್ಬಿಯ ಮೂಲೆಯಲ್ಲಿ ಎರಡು ಮೂರು ಕಾಳುಗಳು ನೂಲಿನಂಥ ಎಳೆಯಿಂದ ಅಂಟಿಕೊಂಡಿದ್ದರೆ ಹುಳ ಬಿದ್ದಿದೆ, ಬೂದು ಹಸಿರು ಪುಡಿಯಿದ್ದರೆ ಬೂಸ್ಟು ಬಂದಿದೆ. ಬೂಸ್ಟು ಹಿಡಿದ ಆಹಾರವನ್ನು ಬಿಸಿಲಿಗೆ ಹಾಕಿ ಮತ್ತೆ ಬಳಸುವವರಿದ್ದಾರೆ, ಹಾಗೆ ಮಾಡಕೂಡದು. ಕೆಲವು ಬೂಸ್ಟುಗಳು ಉತ್ಪತ್ತಿ ಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಒಣಗಿಸಿದರೂ ಬೇಯಿಸಿದರೂ ಹೋಗುವುದಿಲ್ಲ, ಮೀನಿನ ಯಕೃತ್ತನ್ನು ಹಾಳುಮಾಡಿ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ನೆಲಗಡಲೆ ಹಿಂಡಿಯನ್ನು ಮೀನಿಗೆ ಹಾಕುವವರು ಈ ವಿಷಯದಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು.

ದೊಡ್ಡ ಚೀಲದಿಂದ ತೆಗೆದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಮಾರುವ, ತಾರೀಕೇ ಇಲ್ಲದ ಅಗ್ಗದ ಕೆಂಪು ಪೆಲೆಟ್‌ನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಕೊಳ್ಳಬಾರದು. ಪೆಲೆಟ್ ಕೆಂಪಾಗಿದ್ದ ಮಾತ್ರಕ್ಕೆ ಮೀನು ಕೆಂಪಾಗುವುದಿಲ್ಲ. ಆ ಕೆಂಪು ಬರಿಯ ಆಹಾರಬಣ್ಣವಾಗಿರಬಹುದು, ಆಗ ಅದು ನೀರನ್ನೂ ಮಲವನ್ನೂ ಕೆಂಪಾಗಿಸಿ ಹೊರಹೋಗುತ್ತದೆ.

ಮಳೆಗಾಲಕ್ಕೆ ಸಣ್ಣ ಡಬ್ಬಿ ಕೊಳ್ಳುವುದು, ತೆರೆದ ದಿನವನ್ನು ಡಬ್ಬಿಯ ಮೇಲೆ ಬರೆಯುವುದು, ಎರಡು ಮೂರು ತಿಂಗಳೊಳಗೆ ಮುಗಿಸುವುದು ಸರಿಯಾದ ಕ್ರಮ. ಹೆಚ್ಚಿದ್ದರೆ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಫ್ರಿಜ್ಜಿನಲ್ಲಿಟ್ಟು, ಹೊರತೆಗೆದ ಪೊಟ್ಟಣವು ಕೋಣೆಯ ಉಷ್ಣತೆಗೆ ಬಂದ ಮೇಲಷ್ಟೇ ಬಿಚ್ಚಬೇಕು. ತಣ್ಣಗಿದ್ದಾಗಲೇ ಬಿಚ್ಚಿದರೆ ಗಾಳಿಯ ತೇವ ಒಳಗೆ ಹನಿಗಟ್ಟಿ ಮಾಡಿದ ಜಾಗ್ರತೆಯೆಲ್ಲ ವ್ಯರ್ಥ.

ಬೆಳವಣಿಗೆ ನಿಂತಿದ್ದರೆ

ಮರಿಗಳಿಗೆ ಆಹಾರದಲ್ಲಿ 40ರಿಂದ 45 ಶೇಕಡಾ ಪ್ರೋಟೀನ್ ಬೇಕಾಗುತ್ತದೆ, ದೊಡ್ಡವಕ್ಕೆ 30ರಿಂದ 40 ಸಾಕು. ಲೇಬಲ್ಲಿನಲ್ಲಿ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆದಿರುವುದರಿಂದ ಮೊದಲ ಹೆಸರು ಮೀನಿನ ಪುಡಿಯೋ ಸಿಗಡಿಯೋ ಆಗಿರದೆ ಗೋಧಿ ಹಿಟ್ಟೋ ಅಕ್ಕಿ ತೌಡೋ ಆಗಿದ್ದರೆ ಮರಿಗಳಿಗೆ ಅದು ಸಾಲದು. ಮೊಲ್ಲಿಯಂಥ ಪಾಚಿ ಮೇಯುವ ಮೀನಿಗೆ ಮಾತ್ರ ಸೊಪ್ಪಿನ ಪಾಲು ಹೆಚ್ಚಿರಬೇಕು.

ಪ್ರೋಟೀನ್ ಸರಿಯಿದ್ದೂ ಬೆಳೆಯದಿದ್ದರೆ ಕಾಳಿನ ಗಾತ್ರ ನೋಡಬೇಕು. ಟೆಟ್ರಾದ ಬಾಯಿಗೆ ಒಂದು ಮಿಲಿಮೀಟರಿನ ಪೆಲೆಟ್ ಕೂಡ ದೊಡ್ಡದಾಗಬಹುದು. ಅದು ಕಚ್ಚಿ ಉಗುಳಿ, ಮತ್ತೆ ಕಚ್ಚಿ ಉಗುಳುವುದನ್ನು ದೂರದಿಂದ ನೋಡುವವರು ತಿನ್ನುತ್ತಿದೆ ಎಂದೇ ಭಾವಿಸುತ್ತಾರೆ. ಆಹಾರ ಹಾಕಿದ ಮೇಲೆ ಒಂದೇ ಮೀನಿನ ಮೇಲೆ ಕಣ್ಣಿಟ್ಟು ಎರಡು ನಿಮಿಷ ನೋಡಿದರೆ ನಿಜ ತಿಳಿಯುತ್ತದೆ. ಮರಿಗಳಿಗೆ ದಿನಕ್ಕೆ ನಾಲ್ಕೈದು ಬಾರಿ, ಪ್ರತಿ ಸಲ ಎರಡು ಮೂರು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಬೇಕು. ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಸಂಜೆ ಎರಡೇ ಬಾರಿ, ಅದೂ ಧಾರಾಳವಾಗಿ ಹಾಕುವುದರಿಂದ ಮರಿಗಳಿಗೆ ಹಸಿವೆಯೂ ತಪ್ಪುವುದಿಲ್ಲ, ನೀರೂ ಕೆಡುತ್ತದೆ. ಒಂದು ತೊಟ್ಟಿಯಲ್ಲಿ ಹುಟ್ಟಿದ್ದನ್ನೆಲ್ಲ ಅಲ್ಲೇ ಬಿಟ್ಟಿದ್ದರೆ ಕಿಕ್ಕಿರಿದ ಮರಿಗಳಿಗೆ ಯಾವ ಆಹಾರವೂ ಫಲ ಕೊಡದು. ಅರ್ಧದಷ್ಟನ್ನು ಬೇರೆಡೆ ಸಾಗಿಸಲೇಬೇಕು. ಬಾವಿಗೆ ಗಪ್ಪಿ ಬಿಡುವ ಪದ್ಧತಿ ನಮ್ಮಲ್ಲಿದೆಯಾದರೂ ಹೆಚ್ಚಾದ ಮೀನನ್ನು ತೋಡಿಗೋ ಹೊಳೆಗೋ ಬಿಡುವುದು ಸ್ಥಳೀಯ ಮೀನುಗಳಿಗೆ ಮಾರಕ.

ಎಳೆಯ ಮೀನುಗಳ ಬೆನ್ನು ಡೊಂಕಾಗುತ್ತಿದ್ದರೆ ವಿಟಮಿನ್ ಸಿ ಕೊರತೆಯನ್ನು ಸಂಶಯಿಸಬೇಕು. ಒಮ್ಮೆ ಡೊಂಕಾದ ಬೆನ್ನು ನೆಟ್ಟಗಾಗುವುದಿಲ್ಲ. ಹೊಸ ಡಬ್ಬಿಯ ಆಹಾರದಿಂದ ಉಳಿದವನ್ನು ಉಳಿಸಿಕೊಳ್ಳಬಹುದಷ್ಟೆ. ಒಂದೇ ಜೋಡಿಯ ಸಂತತಿಯಲ್ಲಿ ಮತ್ತೆ ಮತ್ತೆ ಡೊಂಕು ಕಾಣುತ್ತಿದ್ದರೆ ಅದು ಒಳತಳಿಯ (ಒಂದೇ ಸಂತತಿಯ ಮೀನುಗಳು ತಮ್ಮಲ್ಲೇ ಕೂಡಿ ಮರಿ ಹಾಕುವುದರ) ದೋಷವೂ ಇರಬಹುದು.

ಮನೆಯಲ್ಲೇ ತಯಾರಿಸುವ ಆಹಾರ

ಕರಾವಳಿಯವರಿಗೆ ಈ ವಿಷಯದಲ್ಲಿ ಅನುಕೂಲವಿದೆ. ಮಂಗಳೂರಿನ ದಕ್ಕೆಯಲ್ಲಾಗಲಿ ಮಲ್ಪೆಯಲ್ಲಾಗಲಿ ತಾಜಾ ಸಿಗಡಿ ಸಿಗುತ್ತದೆ, ಅಡುಗೆಗೆ ಶುಚಿ ಮಾಡುವಾಗ ಎಸೆಯುವ ತಲೆ ಮತ್ತು ಸಿಪ್ಪೆಯಲ್ಲೇ ಅಸ್ಟಾಕ್ಸಾಂಥಿನ್ ಇರುತ್ತದೆ. ಬೂದು ಬಣ್ಣದ ಸಿಗಡಿ ಹಬೆಗೆ ಸಿಕ್ಕೊಡನೆ ಕೆಂಪಾಗುವುದು ಹೊಸ ಬಣ್ಣ ಹುಟ್ಟುವುದರಿಂದಲ್ಲ. ಪ್ರೋಟೀನಿಗೆ ಅಂಟಿಕೊಂಡು ಮರೆಯಾಗಿದ್ದ ಅಸ್ಟಾಕ್ಸಾಂಥಿನ್ ಶಾಖಕ್ಕೆ ಬಿಡಿಸಿಕೊಳ್ಳುವುದರಿಂದ. ಪ್ಲಾಟಿಗೂ ಟೆಟ್ರಾಗೂ ಬೇಕಾದ ಕೆಂಪು ಅದೇ.

ಸಿಗಡಿಯ ಮಾಂಸ ಎರಡು ಪಾಲು, ತಲೆ ಸಿಪ್ಪೆ ಒಂದು ಪಾಲು, ಬಸಳೆ ಅಥವಾ ನುಗ್ಗೆ ಸೊಪ್ಪು ಒಂದು ಪಾಲು ತೆಗೆದುಕೊಂಡು, ಉಪ್ಪು ಹಾಕದೆ ಹಬೆಯಲ್ಲಿ ಬೇಯಿಸಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಬೇಕು. ಸಿಪ್ಪೆ ಹೆಚ್ಚಾದರೆ ಜೀರ್ಣವಾಗದ ಭಾಗ ಹೆಚ್ಚಾಗಿ ಬೆಳವಣಿಗೆಗೇ ಅಡ್ಡಿ. ಹಳದಿ ಬಣ್ಣದ ಮೀನುಗಳಿದ್ದರೆ ಔಷಧಿ ಸಿಂಪಡಿಸದ, ಮನೆಯಂಗಳದ ಗೊಂಡೆ ಹೂವಿನ ಎಸಳನ್ನು ಸೇರಿಸಬಹುದು, ಅದರಲ್ಲಿ ಲುಟೀನ್ ಎಂಬ ಹಳದಿ ಕ್ಯಾರೊಟಿನಾಯ್ಡ್ ಸಮೃದ್ಧವಾಗಿದೆ. ಕ್ಯಾರೊಟಿನಾಯ್ಡ್‌ಗಳು ಕೊಬ್ಬಿನಲ್ಲಿ ಕರಗುವಂಥವಾದ್ದರಿಂದ ನಾಲ್ಕು ಹನಿ ಮೀನೆಣ್ಣೆ ಬೆರೆಸುವುದು ಲಾಭ. ಬೇರೆ ಪಾತ್ರೆಯಲ್ಲಿ ಕುದಿಸಿ ಕರಗಿಸಿದ ಚೈನಾ ಗ್ರಾಸ್ ಅನ್ನು ಈ ಹಿಟ್ಟಿಗೆ ಸುರಿದು, ಮುಟ್ಟಬಹುದಾದಷ್ಟು ಆರಿದ ಮೇಲೆ ಒಂದು ವಿಟಮಿನ್ ಸಿ ಮಾತ್ರೆಯನ್ನು ಪುಡಿಮಾಡಿ ಕಲಸಿ, ತಟ್ಟೆಯಲ್ಲಿ ತೆಳುವಾಗಿ ಹರಡಿ, ಗಟ್ಟಿಯಾದ ಮೇಲೆ ಸಣ್ಣ ಚೂರುಗಳಾಗಿ ಕತ್ತರಿಸಿ ಫ್ರೀಜರಿನಲ್ಲಿ ಇಡಬೇಕು. ವಾರಕ್ಕೆ ಮೂರು ನಾಲ್ಕು ಬಾರಿ ಕೊಟ್ಟರೆ ಸಾಕು, ಉಳಿದ ದಿನಗಳಿಗೆ ಒಳ್ಳೆಯ ಪೆಲೆಟ್ ಇರಲಿ. ಬೂತಾಯಿ ಅಗ್ಗವೆಂದು ಸಿಗಡಿಯ ಬದಲು ಹಾಕಿದರೆ ಅದರ ಎಣ್ಣೆ ನೀರಿನ ಮೇಲೆ ಪದರವಾಗಿ ಕಟ್ಟುತ್ತದೆ. ಒಣ ಸಿಗಡಿಯಾದರೆ ಉಪ್ಪು ಹೋಗುವಂತೆ ನೆನೆಸಿ ತೊಳೆದೇ ಬಳಸಬೇಕು.

ಮರಿಗಳಿಗೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಗೆ ಸಾಟಿಯಾದ ಆಹಾರ ಕಡಿಮೆ. ಲೀಟರಿಗೆ 25–30 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ಗಾಳಿಯಾಡಿಸಿದರೆ ನಮ್ಮ ಸೆಕೆಯಲ್ಲಿ 24ರಿಂದ 36 ಗಂಟೆಗಳಲ್ಲಿ ಅದರ ಮೊಟ್ಟೆ ಒಡೆಯುತ್ತದೆ. ಹೊರಬಂದ ಮರಿಗಳು ತಮ್ಮೊಳಗಿನ ಸತ್ವವನ್ನು ತಾವೇ ಬಳಸಿಕೊಂಡು ಬಡವಾಗುವುದರಿಂದ ಆದಷ್ಟು ಬೇಗ, ಸಿಹಿನೀರಿನಲ್ಲಿ ಸೋಸಿ ಹಾಕಬೇಕು. ಸೊಳ್ಳೆಮರಿ ಒಳ್ಳೆಯ ಆಹಾರವೇ. ಆದರೆ ಮಲೇರಿಯಾ ಇರುವ ಊರಿನಲ್ಲಿ ಅದಕ್ಕಾಗಿ ನೀರು ನಿಲ್ಲಿಸಿಡುವುದನ್ನು ಒಪ್ಪಲಾಗದು. ಮೀನಿನ ಆಹಾರವೆಂದು ಹಾಕುವ ಟ್ಯೂಬಿಫೆಕ್ಸ್ ಹುಳ ಬರುವುದು ಕೊಳಚೆಯಿಂದ, ಜೊತೆಗೆ ರೋಗವನ್ನೂ ತರಬಲ್ಲದು.

ಫಲ ನೋಡುವ ಬಗೆ

ಆಹಾರ, ಮರಳು, ದೀಪ ಎಲ್ಲವನ್ನೂ ಒಂದೇ ವಾರ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವ ದಾರಿಯಿರುವುದಿಲ್ಲ. ಆಹಾರವನ್ನಷ್ಟೇ ಬದಲಿಸಿ, ವಾರಕ್ಕೊಮ್ಮೆ ಅದೇ ದೀಪದ ಕೆಳಗೆ, ಅದೇ ಹೊತ್ತಿಗೆ, ಗಾಜಿಗೆ ಕೆಂಪು ಕಾಗದದ ಒಂದು ತುಂಡನ್ನು ಅಂಟಿಸಿ ಫೋಟೊ ತೆಗೆಯುವುದು ಒಳ್ಳೆಯದು. ಮೊಬೈಲ್ ಕ್ಯಾಮೆರಾ ತಾನಾಗಿ ಬಣ್ಣ ಬದಲಿಸುವುದರಿಂದ ಹೋಲಿಕೆಗೆ ಆ ಕಾಗದ ಬೇಕು. ಬಣ್ಣದಲ್ಲಿ ಬದಲಾವಣೆ ಕಾಣಲು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಬೆಳವಣಿಗೆಯ ವಿಷಯದಲ್ಲಿ ಇಷ್ಟು ಭರವಸೆ ಕೊಡಲಾಗದು, ಮೊದಲ ವಾರಗಳಲ್ಲಿ ಹಸಿದ ಮರಿ ಮುಂದೆ ಪೂರ್ಣ ಗಾತ್ರಕ್ಕೆ ಬಾರದೆಯೂ ಇರಬಹುದು.

ಆಹಾರಕ್ಕೆ ಬಗ್ಗದವು

ಚೆನ್ನಾಗಿ ತಿಂದೂ ಹೊಟ್ಟೆ ಒಳಸೇರಿ, ಬಿಳಿ ದಾರದಂಥ ಮಲ ಬರುತ್ತಿದ್ದರೆ ಕರುಳಿನಲ್ಲಿ ಪರೋಪಜೀವಿಗಳಿರಬಹುದು. ಗುದದ್ವಾರದಿಂದ ಕೆಂಪು ಎಳೆಗಳು ಇಣುಕುತ್ತಿದ್ದರೆ ಅದು ಕ್ಯಾಮಲಾನಸ್ ಹುಳ, ಗಪ್ಪಿಗಳಲ್ಲಿ ಇದು ಹೆಚ್ಚು. ಟೆಟ್ರಾದ ಕೆಂಪು ಗೆರೆಯ ನಡುವೆ ಬಿಳಿ ತೇಪೆ ಮೂಡಿ ಹಿಗ್ಗುತ್ತಾ ಹೋದರೆ ನಿಯಾನ್ ಟೆಟ್ರಾ ರೋಗವಿರಬಹುದು. ಅದಕ್ಕೆ ನಂಬಿಕೆಯ ಔಷಧವಿಲ್ಲ, ಆ ಮೀನನ್ನು ಕೂಡಲೇ ಬೇರ್ಪಡಿಸಬೇಕು, ಸತ್ತದ್ದನ್ನು ಉಳಿದವು ತಿನ್ನದಂತೆ ತೆಗೆಯಬೇಕು. ಕಾರಣ ತಿಳಿಯದೆ ಹಲವು ಮೀನುಗಳು ಸಾಯುತ್ತಿದ್ದರೆ 1969ರಲ್ಲಿ ದೇಶದ ಮೊದಲ ಮೀನುಗಾರಿಕಾ ಕಾಲೇಜಾಗಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು. ದೊಡ್ಡ ಮೀನುಗಳು ಒಂದೊಂದಾಗಿ ಸೊರಗಿ, ಬಣ್ಣ ಕಳೆದು, ಬೆನ್ನು ಬಾಗಿ, ಮೈಮೇಲೆ ಹುಣ್ಣಾಗುತ್ತಿದ್ದರೆ ಮೀನಿನ ಕ್ಷಯವಿರಬಹುದು. ಅದರ ಬ್ಯಾಕ್ಟೀರಿಯಾ ಮನುಷ್ಯರ ಕೈಯ ಗಾಯದ ಮೂಲಕವೂ ಸೋಂಕಬಲ್ಲದಾದ್ದರಿಂದ ಅಂಥ ತೊಟ್ಟಿಗೆ ಕೈಗವಸು ಇಲ್ಲದೆ ಕೈಹಾಕಬಾರದು, ಅದರ ಬಲೆ ಮತ್ತು ಪೈಪನ್ನು ಇನ್ನೊಂದು ತೊಟ್ಟಿಗೆ ಬಳಸಬಾರದು.